‘ಬರೀ ನೋಡಿದ್ದು’ ಅನ್ನೋ ವಾದ ಎಲ್ಲಿವರೆಗೆ ನಡೆಯುತ್ತೆ?

ಪುಣೆಯಲ್ಲೋ ಹೈದರಾಬಾದಲ್ಲೋ ಇರೋ ನಮಗೆ ಕನ್ನಡ ಸಿನಿಮಾ ಥಿಯೇಟರಲ್ಲಿ ಸಿಗೋದು ಹೆಚ್ಚಂದ್ರೆ ಒಂದು ವಾರ, ಅದೂ ಊರಾಚೆಯ ಮಾಲ್‌ನಲ್ಲಿ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿಗೆ ಲಿಂಕ್ ಬಂದಿರುತ್ತೆ. "ಬರೀ ನೋಡೋದು ತಾನೇ, ಏನಾಗುತ್ತೆ?" ಅಂತೀವಿ. ನಾನು ವಕೀಲ ಅಲ್ಲ, ಎಂಜಿನಿಯರ್. ಆದರೆ ಈ ಪ್ರಶ್ನೆಗೆ ಅರ್ಧ ಉತ್ತರ ನೆಟ್‌ವರ್ಕ್‌ನಲ್ಲೇ ಇದೆ.

2016ರಲ್ಲಿ ‘ಡಿಶೂಮ್’ ಅನ್ನೋ ಹಿಂದಿ ಸಿನಿಮಾದ ಕೇಸಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು, ಅಪರಾಧ ಇರುವುದು ನೋಡುವುದರಲ್ಲಿ ಅಲ್ಲ, ಹಂಚುವುದರಲ್ಲಿ, ಸಾರ್ವಜನಿಕವಾಗಿ ಪ್ರದರ್ಶಿಸುವುದರಲ್ಲಿ ಎಂದು ಹೇಳಿದರು. ತುಂಬಾ ಜನ ಇಷ್ಟು ಓದಿ ನೆಮ್ಮದಿಯಾಗಿ ಮಲಗ್ತಾರೆ.

ಈಗ ಟೊರೆಂಟ್ ತಗೊಳ್ಳಿ. ಫೈಲು ಸಾವಿರಾರು ತುಂಡಾಗಿ ಬರುತ್ತೆ. ನಿಮಗೆ ಬಂದ ತುಂಡನ್ನ ನಿಮ್ಮ ಲ್ಯಾಪ್‌ಟಾಪ್ ಆಗಲೇ ಬೇರೆಯವರಿಗೆ ಕಳಿಸ್ತಾ ಇರುತ್ತೆ. ಅಂದ್ರೆ ನೀವು ನೋಡುಗರಲ್ಲ, ಹಂಚುವವರು! ಜೊತೆಗೆ, ಆ ಫೈಲ್ ಇಳಿಸ್ತಿರೋ ಯಾರಿಗೆ ಬೇಕಾದರೂ ನಿಮ್ಮ ಐಪಿ ವಿಳಾಸ ಕಾಣುತ್ತೆ. ಹ್ಯಾಕಿಂಗ್ ಏನೂ ಬೇಡ, ನಿರ್ಮಾಪಕರ ಕಡೆಯವರು ಅದೇ ಟೊರೆಂಟಿಗೆ ಸೇರಿಕೊಂಡರೆ ಸಾಕು. ಐಪಿ ಮತ್ತು ಸಮಯ ಗೊತ್ತಾದರೆ, ಪೊಲೀಸರು ಕೇಳಿದಾಗ ಬ್ರಾಡ್‌ಬ್ಯಾಂಡ್ ಕಂಪನಿ ಕೊಡೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಹೆಸರು. ನಾಲ್ಕು ಜನರ ಫ್ಲಾಟಿನಲ್ಲಿ ಆಧಾರ್ ಕೊಟ್ಟು ವೈಫೈ ಹಾಕಿಸಿದ ಪಾಪದವನು ಯಾರು, ಯೋಚನೆ ಮಾಡಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಮಾಡಿದರಂತೂ ಪೊಲೀಸರಿಗಿಂತ ಮುಂಚೆ ಸೆಕ್ಯೂರಿಟಿ ಟೀಮಿನ ಮೇಲ್ ಬರುತ್ತೆ.

ಕಾಪಿರೈಟ್ ಕಾಯಿದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲ ಅಂದರೆ ಕೋರ್ಟು ಕಾರಣ ಬರೆದು ಕಡಿಮೆ ಮಾಡಬಹುದು. ಆದರೆ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ತೀರ್ಮಾನಿಸಿತು. ಪಾಸ್‌ಪೋರ್ಟ್, ವೀಸಾ, ಬ್ಯಾಕ್‌ಗ್ರೌಂಡ್ ಚೆಕ್ ನಂಬಿಕೊಂಡಿರೋ ನಮಗೆ ಶಿಕ್ಷೆಗಿಂತ ಎಫ್‌ಐಆರೇ ದೊಡ್ಡ ತಲೆನೋವು.

ನಿಜ ಹೇಳಬೇಕಂದ್ರೆ ಕೋರ್ಟುಗಳ ಗುರಿ ಹೆಚ್ಚಾಗಿ ಸೈಟುಗಳು ಮತ್ತು ಚಾನೆಲ್ ನಡೆಸುವವರು. 2022ರಲ್ಲೇ ದೆಹಲಿ ಹೈಕೋರ್ಟ್, ಕೋಚಿಂಗ್ ಪಾಠಗಳನ್ನ ಕದ್ದು ಹಂಚುತ್ತಿದ್ದ ಚಾನೆಲ್‌ಗಳ ಅಡ್ಮಿನ್‌ಗಳ ವಿವರ ಕೊಡುವಂತೆ ಟೆಲಿಗ್ರಾಮ್‌ಗೆ ಆದೇಶಿಸಿತ್ತು. ಹಾಗಾಗಿ ‘ನಮ್ಮೂರ ಹುಡುಗ್ರು’ ಅಂತ ಚಾನೆಲ್ ಮಾಡಿಕೊಂಡು ವಾರಕ್ಕೊಂದು ಸಿನಿಮಾ ಹಾಕ್ತಿರೋ ಸ್ನೇಹಿತ ನಿಮಗಿದ್ದರೆ, ಈ ವಿಡಿಯೋನ ಮೊದಲು ಅವನಿಗೇ ಕಳಿಸಿ.