ಹೆಸರಿಲ್ಲದ ವಸ್ತು, ಹೇಳಿಕೊಡುವ ಕುರುಹು
(ಉದಗೀರದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ ಸಂಘದವರು ಹೆಸರು ಬರೆಯದ ಏಳು ಹಳೆಯ ವಸ್ತುಗಳನ್ನು ಇರಿಸಿದ್ದಾರೆ. ಅವು ಏನೆಂಬುದನ್ನು ನೋಡಿದವರು ಚೀಟಿಯಲ್ಲಿ ಬರೆಯಬೇಕು. ಈಗತಾನೆ ಒಬ್ಬ ಬಾಲಕನು ಮರದ ಬಟ್ಟಲೊಂದನ್ನು ಎತ್ತಿ, ತಳದ ತೂತುಗಳನ್ನು ಕಂಡು, "ಇದು ಜರಡಿ" ಎಂದನು. ಜರಡಿಗೆ ಮೂರೇ ತೂತು ಸಾಕೇನಪ್ಪ, ಅಂಚು ಅಂಗೈ ತಾಗಿ ತಾಗಿ ಇಷ್ಟು ನುಣುಪಾಗಿರುವುದೇಕೆ ಎಂದು ಕೇಳಿದೆ. ಅವನು ಯೋಚಿಸಿ, "ಏನೋ ಮೂರು ಕಡೆ ಬೇರೆಬೇರೆಯಾಗಿ ಬೀಳಬೇಕು" ಎಂದನು. ಅಲ್ಲಿಗೆ ಕೆಲಸ ಮುಗಿಯಿತು. ಉಳಿದದ್ದು ಹೆಸರು ಮಾತ್ರ. ಅದು ಕೂರಿಗೆಯ ಬಟ್ಟಲು. ಅಜ್ಜಂದಿರು ಹಿಡಿ ಹಿಡಿಯಾಗಿ ಹಾಕಿದ ಜೋಳ ಬಿದಿರಿನ ಕೊಳವೆಗಳಲ್ಲಿ ಇಳಿದು ಮೂರು ಸಾಲು ಸೇರುತ್ತಿದ್ದುದು ಇದರಿಂದಲೇ.

ಆ ಬಾಲಕನು ಮಾಡಿದ್ದಕ್ಕೂ ಪಂಡಿತರು ಮಾಡುವುದಕ್ಕೂ ಜಾತಿಭೇದವಿಲ್ಲ, ಪ್ರಮಾಣಭೇದವಷ್ಟೇ. ನಮ್ಮ ಸೀಮೆಯ ಒಂದು ಉದಾಹರಣೆಯನ್ನೇ ನೋಡೋಣ.

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಹೆಸರು ತಿಳಿಯದ ಗ್ರೀಕ್ ವರ್ತಕನೊಬ್ಬನು 'ಪೆರಿಪ್ಲಸ್' ಎಂಬ ಕಡಲಯಾನದ ಗ್ರಂಥವನ್ನು ಬರೆದನು. ಭರುಚದಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ದಾರಿಯಲ್ಲಿ ಪೈಠಣ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿಯಲ್ಲಿ ತಗರವೆಂಬ ಬಹು ದೊಡ್ಡ ನಗರ, ಅಲ್ಲಿಂದ ಅರಿವೆ ಬಂಡಿಗಳಲ್ಲಿ ಭರುಚಕ್ಕೆ ಹೋಗುತ್ತದೆ ಎಂದು ಅದರಲ್ಲಿದೆ. ನಮ್ಮ ಶಿಲಾಹಾರ ಅರಸರು ಶಾಸನಗಳಲ್ಲಿ ತಮ್ಮನ್ನು 'ತಗರಪುರವರಾಧೀಶ್ವರ'ರೆಂದು ಕರೆದುಕೊಂಡರು. ಆದರೆ ಆ ತಗರವೆಲ್ಲಿ? ಕೆಲವರು ದೌಲತಾಬಾದ್ ಎಂದರು, ಕೆಲವರು ಜುನ್ನರ, ಕೆಲವರು ಧಾರೂರ. ದೊಡ್ಡ ನಗರವೆಂದ ಮೇಲೆ ದೊಡ್ಡ ಹೆಸರಿನ ಊರೇ ಆಗಿರಬೇಕೆಂದು ಕೆಲವರು ಭಾವಿಸಿದರೇನೋ!

ಕನ್ನಡ ಶಾಸನಗಳಿಗಾಗಿ ಆಯುಷ್ಯವನ್ನೇ ಸವೆಸಿದ ಜೆ. ಎಫ್. ಫ್ಲೀಟರು 1901ರಲ್ಲಿ ಇದನ್ನು ಬಿಡಿಸಿದರು. ತಗರ ಎಂಬಲ್ಲಿನ ಗಕಾರ ಸಡಿಲಿದರೆ ತಯರ, ಅದು ಇನ್ನೂ ಸವೆದರೆ ತೇರ. ಪೈಠಣದಿಂದ ತೇರಕ್ಕೆ ಸುಮಾರು ತೊಂಬತ್ತೈದು ಮೈಲಿ. ಭಾರದ ಬಂಡಿಗೆ ಹತ್ತು ದಿನಗಳ ಪಯಣ. ದಿಕ್ಕು ನೇರ ಪೂರ್ವವಲ್ಲ, ಆಗ್ನೇಯ. ಗ್ರೀಕ ವರ್ತಕನ ಈ ತಪ್ಪನ್ನು ಕ್ಷಮಿಸಬಹುದು. ಸಂತ ಗೋರೋಬಾ ಕುಂಬಾರನ ಊರೆಂದು ನಾವೆಲ್ಲರೂ ಬಲ್ಲ, ತೇರ್ಣಾ ದಂಡೆಯ ಆ ಹಳ್ಳಿಯೇ ತಗರ. ಹೆನ್ರಿ ಕಸಿನ್ಸರು ಅಲ್ಲಿಗೆ ಹೋಗಿ ಇಟ್ಟಿಗೆಯ ಪುರಾತನ ಗುಡಿಗಳನ್ನು ಕಂಡು ವರದಿ ಬರೆದರು.

ಮುಂದಿನದು ಇನ್ನೂ ಸೊಗಸು. 79ರಲ್ಲಿ ವೆಸುವಿಯಸ್ ಬೂದಿಯಡಿ ಹೂತುಹೋದ ಇಟಲಿಯ ಪಾಂಪೆಯಲ್ಲಿ 1938ರಲ್ಲಿ ದಂತದ ಸ್ತ್ರೀಮೂರ್ತಿಯೊಂದು ದೊರೆಯಿತು. ಮೈತುಂಬ ಆಭರಣ, ಇಬ್ಬರು ಪುಟ್ಟ ಸಖಿಯರು. ಭಾರತದ್ದೆಂದು ತಿಳಿಯಲು ತಡವಾಗಲಿಲ್ಲ. ಮೊದಲು ಲಕ್ಷ್ಮಿಯೆಂದರು; ಲಕ್ಷಣಗಳು ಹೊಂದದೆ ಯಕ್ಷಿಯೆಂದರು. ನೆತ್ತಿಯಲ್ಲಿ ಕೊರೆದ ರಂಧ್ರವಿರುವುದರಿಂದ ಬಿಡಿ ಬೊಂಬೆಯಲ್ಲ, ಕನ್ನಡಿಯ ಹಿಡಿಯೋ ಪೀಠೋಪಕರಣದ ಕಾಲೋ ಇರಬೇಕೆಂದರು. ಭಾರತದೊಳಗೆ ಯಾವ ಊರಿನದು? ತೇರಿನ ರಾಮಲಿಂಗಪ್ಪ ಲಾಮತುರೆಯವರು ಊರ ದಿಬ್ಬಗಳಲ್ಲಿ ಸಿಕ್ಕ ವಸ್ತುಗಳನ್ನು ಕೂಡಿಸಿಟ್ಟಿದ್ದರು. ಅವುಗಳಲ್ಲಿ ಪಾಂಪೆಯದನ್ನು ಹೋಲುವ ದಂತದ ಸ್ತ್ರೀಮೂರ್ತಿಯಿತ್ತು. ಭೋಕರದನದಲ್ಲಿಯೂ ಅಂಥದೊಂದರ ತುಂಡು ದೊರೆಯಿತು. ಅದು ದಖ್ಖನದ ಕೈಗೆಲಸವೆಂದು ಅನೇಕ ವಿದ್ವಾಂಸರು ಹೇಳುವುದಕ್ಕೆ ಆಧಾರ ಇದೇ. ಆ ಸಂಗ್ರಹ ಈಗ ಅವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಾಗಿದೆ. ಇಲ್ಲಿಂದ ಬಹಳ ದೂರವಿಲ್ಲ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ.

ತೇರಿನಿಂದ ಕೆಳಗೆ ಹರಿದ ಅದೇ ತೇರ್ಣಾ, ನಿಲಂಗಾ ಸೀಮೆಯಲ್ಲಿ ಮಾಂಜ್ರಾ ನದಿಯನ್ನು ಕೂಡುವ ಮೊದಲು ಕಿಲ್ಲಾರಿಯ ಹತ್ತಿರ ಹಾಯುತ್ತದೆ. ಇಲ್ಲಿ ನನ್ನ ಮಾತು ಸೊಗಸಾಗಿರಲಾರದು.

1992ರ ಮಳೆಗಾಲದ ಕೊನೆಯಲ್ಲಿ ಕಿಲ್ಲಾರಿಯ ಜನರಿಗೆ ನೆಲದೊಳಗಿಂದ ಗುಡುಗಿನಂಥ ಸದ್ದು ಕೇಳತೊಡಗಿತು. ಪಾತ್ರೆ ನಡುಗಿದವು, ಅಕ್ಟೋಬರದಲ್ಲಿ ಗೋಡೆಗಳೂ ಬಿರುಕುಬಿಟ್ಟವು. ಜನರು ಕೆಲಕಾಲ ಮನೆಯ ಹೊರಗೆ ಮಲಗಿದರು. ಸಣ್ಣ ಭೂಕಂಪಗಳೆಂದು ಗುರುತಿಸಿದ್ದೂ ನಿಜವೇ. ಆದರೆ ದಖ್ಖನದ ನೆಲ ಗಟ್ಟಿಯೆಂಬ ನಂಬಿಕೆ ಪುಸ್ತಕದಲ್ಲಿತ್ತು. ನಕ್ಷೆಯಲ್ಲಿ ನಮ್ಮ ಭಾಗ ಅತ್ಯಲ್ಪ ಅಪಾಯದ ಒಂದನೆಯ ವಲಯ. ಸದ್ದು ಕ್ರಮೇಣ ಅಡಗಿತು, ಜನ ಒಳಗೆ ಹೋದರು. 1993ರ ಸಪ್ಟೆಂಬರ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ ಊರುಗಳ ಮೇಲೆ ಕಲ್ಲಿನ ದಪ್ಪ ಗೋಡೆಗಳೂ ಮಣ್ಣಿನ ಮಾಳಿಗೆಗಳೂ ಕುಸಿದವು. ಕಂಪದ ಪ್ರಮಾಣ 6.2. ಔಸಾ, ಉಮರ್ಗಾ ತಾಲೂಕುಗಳಲ್ಲಿ ಹೆಚ್ಚಾಗಿ, ಸತ್ತವರು 8 ಸಾವಿರದಿಂದ 10 ಸಾವಿರ. ನಮ್ಮ ಉದಗೀರದಲ್ಲಿಯೂ ಆ ನಸುಕು ಮನೆಮಂದಿಯೆಲ್ಲ ಬೀದಿಗೆ ಬಂದು ನಿಂತದ್ದನ್ನು ಹಿರಿಯರು ಮರೆತಿಲ್ಲ.

ಮೊದಲ ಸದ್ದಿಗೇ ದೊಡ್ಡ ಕಂಪವನ್ನು ಹೇಳಬಹುದಾಗಿತ್ತೆಂದು ನಾನು ಹೇಳುವುದಿಲ್ಲ. ಭೂಕಂಪದ ದಿನವನ್ನು ಮುಂಚಿತವಾಗಿ ತಿಳಿಸುವ ವಿದ್ಯೆ ಇಂದಿಗೂ ಯಾರ ಕೈಯಲ್ಲಿಯೂ ಇಲ್ಲ. ಆದರೆ ಕುರುಹು ಹೊಸದಾಗಿ ಬಂದಾಗ ಹಳೆಯ ನಕ್ಷೆಯನ್ನು ಸಂಶಯಿಸಬಹುದಾಗಿತ್ತು, ತಲೆಯ ಮೇಲಿನ ಮಣ್ಣಿನ ಭಾರವನ್ನಾದರೂ ಇಳಿಸಬಹುದಾಗಿತ್ತು. ನಕ್ಷೆ ಬದಲಾಗಿ ಲಾತೂರ ಭಾಗ ಮೂರನೆಯ ವಲಯಕ್ಕೆ ಸೇರಿದ್ದು 2002ರಲ್ಲಿ. ಕಿಲ್ಲಾರಿಯಲ್ಲಿ ಕೊಳವೆ ಇಳಿಸಿದ ವಿಜ್ಞಾನಿಗಳಿಗೆ 338 ಮೀಟರ ಕರಿಕಲ್ಲಿನ ಕೆಳಗೆ ಇನ್ನೂ ಹಳೆಯ ಶಿಲೆ ಸಿಕ್ಕಿತು. ನಾವು ನಿಂತ ಕರಿನೆಲದ ಅಡಿಯಲ್ಲಿ ಏನಿದೆಯೆಂಬುದು ಅಷ್ಟು ತಡವಾಗಿ ತಿಳಿಯಿತು.

ಹೊತ್ತಾಯಿತು, ಹುಡುಗರ ಕಣ್ಣು ಮೇಜಿನ ಮೇಲೆಯೇ ಇದೆ. ಐದನೆಯ ವಸ್ತು, ಆ ಕಬ್ಬಿಣದ ಕೊಕ್ಕೆ, ನನಗೂ ತಿಳಿದಿಲ್ಲ. ತಿಳಿದ ಅಜ್ಜಿಯರು ಯಾರಾದರೂ ಸಭೆಯಲ್ಲಿದ್ದರೆ ಚೀಟಿ ಬರೆಯುವ ಮೊದಲು ನನ್ನ ಕಿವಿಯಲ್ಲಿ ಹೇಳಬೇಕು.