ಒಂದು ಪಟ್ಟಿ, ನೂರು ಅರ್ಜಿ



ಇಚಲಕರಂಜಿಗೆ ಯಂತ್ರಮಗ್ಗವು ಬಂದುದು 1904ರಲ್ಲಿ. ಅದಕ್ಕೆ ನೂರು ವರ್ಷ ಹಿಂದೆಯೇ ಫ್ರಾನ್ಸ್ ದೇಶದ ಜಕಾರ್ಡ್ ಎಂಬಾತನು, ರಂಧ್ರಗಳುಳ್ಳ ರಟ್ಟುಗಳು ಹೇಳಿದಂತೆ ಚಿತ್ತಾರವನ್ನು ನೇಯುವ ಮಗ್ಗವನ್ನು ರೂಪಿಸಿದ್ದನು. ರಟ್ಟಿನಲ್ಲಿ ಒಂದು ರಂಧ್ರವು ತಪ್ಪಿದರೆ ಆ ತಪ್ಪು ಪ್ರತಿಯೊಂದು ಬಟ್ಟೆಯಲ್ಲಿಯೂ ಮೂಡುವುದು. ಆಗ ತಿದ್ದಬೇಕಾದುದು ಬಟ್ಟೆಯನ್ನಲ್ಲ, ರಟ್ಟನ್ನು.

ಇಂದು ಶಾಲಾ ಪ್ರವೇಶಕ್ಕೂ ವಿದ್ಯಾರ್ಥಿವೇತನಕ್ಕೂ ಗಣಕಯಂತ್ರದ ಪರದೆಯಲ್ಲಿ ಅರ್ಜಿಯನ್ನು ತುಂಬುವ ರೂಢಿ ಬಂದಿದೆ. ಹೆಸರು ಬಿಟ್ಟುಹೋದರೆ, ದೂರವಾಣಿ ಸಂಖ್ಯೆಯಲ್ಲಿ ಒಂದು ಅಂಕಿ ಕಡಮೆಯಾದರೆ ನಮ್ಮನ್ನು ಕೂಡಲೇ ಎಚ್ಚರಿಸುವುದು, 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಆದೇಶಗಳ ಸರಣಿ. ನೂರು ಅರ್ಜಿಗಳಿಗೆ ಇದನ್ನು ನೂರು ಸಲ ಕೈಯಿಂದ ಬರೆಯುವುದು ಶ್ರಮದ ಕೆಲಸ. ಆದುದರಿಂದ ಬಲ್ಲವರು ಅಂಕಣಗಳು ಯಾವುವು, ಯಾವುದು ಕಡ್ಡಾಯ, ಎಲ್ಲಿ ಎಂಥ ಅಕ್ಷರ ಸಲ್ಲುವುದು ಎಂಬ ನಿಯಮಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಾರೆ. ಪೈಥಾನ್ ಮೊದಲಾದ ಬೇರೊಂದು ಭಾಷೆಯಲ್ಲಿ ರಚಿಸಿದ ಕ್ರಮವಿಧಿಯು ಆ ಪಟ್ಟಿಯನ್ನು ಓದಿ, ಪ್ರತಿ ಅರ್ಜಿಗೂ ಬೇಕಾದ ಜಾವಾಸ್ಕ್ರಿಪ್ಟನ್ನು ತಾನೇ ಬರೆದುಕೊಡುತ್ತದೆ. ಒಂದೇ ಪಟ್ಟಿಯಿಂದ ಮರಾಠಿ ಅರ್ಜಿಯೂ ಕನ್ನಡ ಅರ್ಜಿಯೂ ಸಿದ್ಧವಾಗಬಲ್ಲವು.

ಇಲ್ಲಿ ಭಾಷಾಭಿಮಾನಿಗಳು ಗಮನಿಸತಕ್ಕ ಸಂಗತಿಯೊಂದಿದೆ. 'ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ' ಎಂಬ ನಿಯಮವು ಮೇಲ್ನೋಟಕ್ಕೆ ಸರಿಯೆಂದೇ ತೋರುವುದು. ಆದರೆ ಗಣಕಗಳು ಬಳಸುವ ಯೂನಿಕೋಡ್ ಸಂಕೇತದಲ್ಲಿ ಗುಣಿತದ ಚಿಹ್ನೆಗಳೂ ಅನುಸ್ವಾರವೂ ಅಕ್ಷರಗಳೆಂಬ ವರ್ಗಕ್ಕೆ ಸೇರದೆ ಬೇರೆ ವರ್ಗದಲ್ಲಿವೆ. ಯಂತ್ರವು ನಿಯಮವನ್ನು ಇದ್ದಂತೆಯೇ ಪಾಲಿಸಿದರೆ 'ಕಮಲ' ಎಂಬ ಹೆಸರು ಸಲ್ಲುವುದು, 'ಗಂಗಾ' ಎಂಬುದು ತಿರಸ್ಕೃತವಾಗುವುದು! ದೇವನಾಗರಿಯಲ್ಲಿ ಬರೆದ ಗಂಗೆಗೂ ಇದೇ ಗತಿ. ನೂರು ಅರ್ಜಿಗಳಲ್ಲಿಯೂ ಬಾಲಕಿಯ ಹೆಸರಿಗೆ ಬಾಗಿಲು ಮುಚ್ಚುವುದು. ಪಟ್ಟಿಯಲ್ಲಿ 'ಚಿಹ್ನೆಗಳೂ ಸಲ್ಲುವುವು' ಎಂದು ಒಮ್ಮೆ ತಿದ್ದಿ ಮತ್ತೆ ಬರೆಯಿಸಿದರೆ ನೂರೂ ಸರಿಹೋಗುವುವು.

ಗಣಕವನ್ನು ಬಲ್ಲವರೆಲ್ಲ ವರ್ಣಮಾಲೆಯ ಮರ್ಮವನ್ನು ಬಲ್ಲವರೆನ್ನಲಾಗದು. ವರ್ಣಮಾಲೆಯನ್ನು ಕಲಿಸುವ ನಾವು ದೂರ ನಿಲ್ಲುವುದೂ ಸಲ್ಲದು. ಆದುದರಿಂದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರಲ್ಲಿ ನಮ್ಮದೊಂದು ವಿನಂತಿ: ಶಾಲೆಯಾಗಲಿ ಸಂಘವಾಗಲಿ ಇಂಥ ಅರ್ಜಿಯನ್ನು ಸಿದ್ಧಪಡಿಸುವಾಗ ಗಂಗಾ, ಕೃಷ್ಣ, ಜ್ಯೋತಿ, ಲಕ್ಷ್ಮೀ ಎಂಬ ನಾಲ್ಕು ಹೆಸರುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತುಂಬಿ ಪರೀಕ್ಷಿಸೋಣ. ತಡೆ ಕಂಡುಬಂದರೆ ಪಟ್ಟಿಯನ್ನು ಬರೆದವರಿಗೆ ವಿನಯದಿಂದ ತಿಳಿಸೋಣ. ಗಡಿನಾಡಿನ ಮಗುವು ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ತಪ್ಪಿಲ್ಲದೆ ಬರೆಯುವಂತಾಗಲೆಂದು ಹಾರೈಸಿ ವಿರಮಿಸುತ್ತೇವೆ.