ಶನಿವಾರ ಬೆಳಿಗ್ಗೆ ಕುದುರೆ ಕಾಯಲ್ಲ: ಗಾರ್ಡ್ ಬದಲಾವಣೆ ನೋಡಲು ಅಪ್ಪನನ್ನು ದೆಹಲಿಗೆ ಕರೆದುಕೊಂಡು ಹೋದದ್ದು

ಅಹಮದಾಬಾದ್, ಸೂರತ್‌ನಿಂದ ಬಂದಿರೋ ಗೆಳೆಯರಿಗೆ ವಡೋದರಕ್ಕೆ ಸ್ವಾಗತ. ನಾನು ಇಲ್ಲಿಗೆ ಬಂದು ಎಂಟು ವರ್ಷ ಆಯ್ತು. ಎಂಟೆಕ್ ಮುಗಿಸಿ "ಎರಡು ವರ್ಷ ಇದ್ದು ವಾಪಸ್ ಹೋಗೋಣ" ಅಂತ ಬಂದವನು. ನೀವು ನಗ್ತಾ ಇದ್ದೀರಿ ಅಂದ್ರೆ ನಿಮ್ಮ ಕಥೆಯೂ ಅದೇ.

ಇವತ್ತು ಕೋಡ್ ಬಗ್ಗೆ ಮಾತಾಡಲ್ಲ. ಒಂದು ಪ್ರವಾಸದ ಪ್ಲಾನ್ ಬಗ್ಗೆ ಹೇಳ್ತೀನಿ. ಆ ಪ್ಲಾನ್ ಮೊದಲ ಸಲ ಕೆಟ್ಟಿತು. ಯಾಕೆ ಕೆಟ್ಟಿತು ಅನ್ನೋದೇ ಮುಖ್ಯ.

ನಮ್ಮಪ್ಪ ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ಆಗಿದ್ದವರು. ದಸರಾ ಮೆರವಣಿಗೆಯಲ್ಲಿ, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಕುದುರೆ ಮೇಲೆ ಬರೋರನ್ನ ನೋಡಿರ್ತೀರಲ್ಲ, ಅವರಲ್ಲೊಬ್ಬರು. ಊರಿಗೆಲ್ಲ ಅದು ವೈಭವ. ನನಗೆ ಚಿಕ್ಕಂದಿನಲ್ಲಿ ಅದೊಂದು ವಾಸನೆ ಅಷ್ಟೆ. ಅಪ್ಪ ಮನೆಗೆ ಬಂದರೆ ಲಾಯದ ವಾಸನೆ ಬರ್ತಿತ್ತು. ಸ್ಕೂಲಿಗೆ ಅವರು ಬಿಡೋಕೆ ಬಂದರೆ ನಾನು ಗೇಟಿಗಿಂತ ಸ್ವಲ್ಪ ಹಿಂದೆಯೇ ಇಳೀತಿದ್ದೆ. ಅವರು ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ.

2022ರ ಜನವರಿ 26ರಂದು ರಾಷ್ಟ್ರಪತಿಗಳ ಅಂಗರಕ್ಷಕ ದಳದ ವಿರಾಟ್ ಅನ್ನೋ ಕುದುರೆ ನಿವೃತ್ತಿ ಆಯ್ತು. ಪರೇಡ್ ಮುಗಿದ ಮೇಲೆ ರಾಷ್ಟ್ರಪತಿ, ಪ್ರಧಾನಿ ಇಬ್ಬರೂ ಅದರ ಕುತ್ತಿಗೆ ಸವರಿ ಬೀಳ್ಕೊಟ್ಟರು. ಅವತ್ತು ಅಪ್ಪ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಆ ಕುದುರೆಗಳನ್ನ ಒಂದ್ಸಲ ಹತ್ತಿರದಿಂದ ನೋಡ್ಬೇಕಪ್ಪ." ನಾನು "ಖಂಡಿತ ಅಪ್ಪ, ಈ ರಿಲೀಸ್ ಮುಗೀಲಿ" ಅಂದೆ. ರಿಲೀಸ್ ಮುಗಿಯೋದು ಅಂದ್ರೇನು ಅಂತ ನಿಮಗೆ ಗೊತ್ತು.

ಮರು ವರ್ಷ ಅಮ್ಮ ಬೇರೆ ವಿಷಯ ಹೇಳಿದರು. ಅಪ್ಪನ ಕಣ್ಣಿಗೆ ಗ್ಲಾಕೋಮಾ. ಹನಿ ಹಾಕ್ತಾ ಇದ್ರೆ ಇರೋ ದೃಷ್ಟಿ ಉಳಿಸ್ಕೋಬಹುದು, ಹೋದದ್ದು ವಾಪಸ್ ಬರಲ್ಲ. ಪಕ್ಕದ ನೋಟ ಆಗಲೇ ಕಿರಿದಾಗಿತ್ತು. ಆಮೇಲೆ ನಾನು ರಿಲೀಸ್ ಮಾತು ಎತ್ತಲಿಲ್ಲ.

ನಮ್ಮ ಆಫೀಸಿನಲ್ಲಿ ಗಾರ್ಡ್ ಬದಲಾವಣೆ ಅಂದ್ರೆ ಎಲ್ಲರೂ ಲಂಡನ್ ಅಂತಾರೆ. ಬಕಿಂಗ್‌ಹ್ಯಾಮ್ ಅರಮನೆ, ಕರಡಿ ಚರ್ಮದ ಟೋಪಿ. ಚೆನ್ನಾಗಿದೆ, ಹೋಗಿ. ಆದರೆ ನಮ್ಮದೇ ಒಂದು ಇದೆ, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಲುಪೋ ದೂರದಲ್ಲಿ. ಶನಿವಾರ ಶನಿವಾರ ರಾಷ್ಟ್ರಪತಿ ಭವನದ ಮುಂದಿನ ಅಂಗಳದಲ್ಲಿ ನಡೆಯುತ್ತೆ. ಆ ಭವನ 1929ರಲ್ಲಿ ವೈಸರಾಯ್‌ಗಾಗಿ ಕಟ್ಟಿ ಮುಗಿಸಿದ್ದು. ಅಂಗರಕ್ಷಕ ದಳ ಅದಕ್ಕಿಂತ ಎಷ್ಟೋ ಹಳೆಯದು, 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬನಾರಸಿನಲ್ಲಿ ಶುರು ಮಾಡಿದ್ದು. ದೊರೆ ಹೋದ, ವೈಸರಾಯ್ ಹೋದ, ದಳ ಉಳೀತು. ಈಗ ಅದು ನಾವು ಆರಿಸಿದ ಗಣರಾಜ್ಯದ ಮುಖ್ಯಸ್ಥರನ್ನ ಕಾಯುತ್ತೆ.

ಈಗ ನನ್ನ ತಪ್ಪಿಗೆ ಬರ್ತೀನಿ.

2023ರ ಏಪ್ರಿಲ್. ಅಪ್ಪ ಅಮ್ಮ ವಡೋದರಕ್ಕೆ ಬಂದಿದ್ದರು. ಶುಕ್ರವಾರ ರಾತ್ರಿಯ ಮುಂಬೈ ರಾಜಧಾನಿಗೆ ಟಿಕೆಟ್ ಮಾಡಿಸಿದೆ. ಸೂರತ್‌ನವರು ಸಂಜೆ ಹತ್ತೋ ಅದೇ ಗಾಡಿ, ನಮ್ಮಲ್ಲಿಗೆ ರಾತ್ರಿ ಬರುತ್ತೆ. ದೆಹಲಿ ತಲುಪೋದು ಬೆಳಿಗ್ಗೆ ಎಂಟೂವರೆ ಸುಮಾರಿಗೆ. ಎಲ್ಲೋ ಓದಿದ್ದೆ, ಕಾರ್ಯಕ್ರಮ ಹತ್ತು ಗಂಟೆಗೆ ಅಂತ. ಸಾಕಷ್ಟು ಟೈಮ್ ಇದೆ ಅಂದ್ಕೊಂಡೆ. ಆ ಹತ್ತು ಗಂಟೆ ಚಳಿಗಾಲದ್ದು. ಬಿಸಿಲಿನ ತಿಂಗಳುಗಳಲ್ಲಿ ಆಗ ಎಂಟಕ್ಕೇ ಶುರುವಾಗ್ತಿತ್ತು. ಕಾನ್ಫಿಗ್ ಫೈಲ್‌ನಲ್ಲಿ ಇರಬೇಕಾದ್ದನ್ನ ನಾನು ಹಾರ್ಡ್‌ಕೋಡ್ ಮಾಡಿದ್ದೆ. ಜೂನಿಯರ್ ಹುಡುಗರು ಹೀಗೆ ಮಾಡಿದ್ರೆ ಕೋಡ್ ರಿವ್ಯೂನಲ್ಲಿ ವಾಪಸ್ ಕಳಿಸ್ತೀನಿ.

ಆಟೋದಲ್ಲಿ ಕೂತು ಮೊಬೈಲ್‌ನಲ್ಲಿ ಸರಿಯಾದ ಸಮಯ ನೋಡಿದಾಗ ಕಾರ್ಯಕ್ರಮ ಮುಗೀತಾ ಬಂದಿತ್ತು. ಅಪ್ಪನಿಗೆ ಹೇಗೆ ಹೇಳೋದು? ಹೇಳಿದೆ. ಅವರು ಕಿಟಕಿ ಕಡೆ ನೋಡ್ತಾ, "ಇರ್ಲಿ ಬಿಡು. ಕುದುರೆ ಯಾರಿಗೂ ಕಾಯಲ್ಲ" ಅಂದರು.

ಸುಮ್ಮನೆ ರೂಮಿಗೆ ಹೋಗೋಕೆ ಮನಸ್ಸಾಗಲಿಲ್ಲ. ಅಲ್ಲಿಂದ ತೀನ್ ಮೂರ್ತಿ ಹತ್ತಿರ. ಮೂರು ಕಂಚಿನ ಸೈನಿಕರು ಅಲ್ಲಿ ನಿಂತಿರೋದು ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಲ್ಯಾನ್ಸರ್ಸ್ ನೆನಪಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನ ಜೋಧಪುರ, ಮೈಸೂರು ಲ್ಯಾನ್ಸರ್ಸ್ ಗೆದ್ದರು. ಎದುರಿಗೆ ಮಷಿನ್‌ಗನ್, ಇವರ ಕೈಯಲ್ಲಿ ಭರ್ಜಿ, ಕತ್ತಿ. 2018ರಿಂದ ಆ ಜಾಗದ ಹೆಸರು ತೀನ್ ಮೂರ್ತಿ ಹೈಫಾ ಚೌಕ. ನನಗೆ ಇದು ಗೊತ್ತೇ ಇರಲಿಲ್ಲ, ಅಪ್ಪನಿಗೆ ಗೊತ್ತಿತ್ತು. ರಸ್ತೆ ಬದಿ ನಿಂತು ಅವರು ಹೇಳ್ತಾ ಹೋದರು. ಮೂವತ್ತು ವರ್ಷದಲ್ಲಿ ಅಪ್ಪ ತಮ್ಮ ಕೆಲಸದ ಬಗ್ಗೆ ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಕೇಳಿದ್ದೂ ಅದೇ ಮೊದಲು ಅನ್ನಿ.

ಎರಡನೇ ಸಲ ಅದೇ ವರ್ಷ ನವೆಂಬರ್ ಕೊನೆಯಲ್ಲಿ ಹೋದೆವು. ಈ ಸಲ ಮಾಡಿದ್ದನ್ನ ಬರ್ಕೊಳ್ಳಿ, ನಿಮಗೂ ಬೇಕಾಗುತ್ತೆ.

ಒಂದು, ಶುಕ್ರವಾರ ರಾತ್ರಿ ಹೊರಡಬೇಡಿ. ಗುರುವಾರ ರಾತ್ರಿಯೇ ಹೊರಡಿ. ಚಳಿಗಾಲದಲ್ಲಿ ಉತ್ತರದ ಮಂಜಿಗೆ ರೈಲು ತಡ ಆಗೋದು ಮಾಮೂಲಿ. ಒಂದು ಇಡೀ ದಿನ ಕೈಯಲ್ಲಿರಲಿ. ಅಹಮದಾಬಾದಿನವರಿಗೆ ಜೈಪುರದ ಮೇಲಿಂದ ಹೋಗೋ ಬೇರೆ ರಾಜಧಾನಿ ಇದೆ, ಅವರಿಗೂ ಇದೇ ಮಾತು.

ಎರಡು, ರಾಷ್ಟ್ರಪತಿ ಭವನದ ಅಧಿಕೃತ ವೆಬ್‌ಸೈಟ್ ಒಂದನ್ನೇ ನಂಬಿ. ಬುಕಿಂಗ್ ಅಲ್ಲೇ, ಸಮಯವೂ ಅಲ್ಲೇ. ಸಮಯ ಋತುವಿಗೆ ತಕ್ಕ ಹಾಗೆ ಬದಲಾಗುತ್ತೆ. ಶನಿವಾರ ಸರ್ಕಾರಿ ರಜೆ ಬಿದ್ದರೆ ಕಾರ್ಯಕ್ರಮ ಇರಲ್ಲ, ಬೇರೆ ಸಮಾರಂಭ ಇದ್ದರೂ ರದ್ದಾಗಬಹುದು. ಟಿಕೆಟ್ ಮಾಡಿಸೋ ಮೊದಲು ಒಂದ್ಸಲ, ಹೊರಡೋ ದಿನ ಇನ್ನೊಂದ್ಸಲ ನೋಡಿ. 2025ರ ಫೆಬ್ರುವರಿ 22ರಿಂದ ಕಾರ್ಯಕ್ರಮದ ರೂಪವನ್ನೇ ಬದಲಿಸಿದ್ದಾರೆ. ಹಾಗಾಗಿ ನನ್ನ ಅನುಭವವೂ ಹಳೇ ವರ್ಷನ್ ಅಂತಲೇ ತಿಳ್ಕೊಳ್ಳಿ.

ಮೂರು, ಪ್ರತಿಯೊಬ್ಬರ ಅಸಲಿ ಗುರುತಿನ ಚೀಟಿ ಕೈಯಲ್ಲಿರಲಿ, ಸಾಮಾನು ಕಮ್ಮಿ ಇರಲಿ. ತಪಾಸಣೆ ಇದೆ, ನಡಿಗೆಯೂ ಇದೆ. ವಯಸ್ಸಾದವರ ಹೆಜ್ಜೆಗೆ ಲೆಕ್ಕ ಹಾಕಿ, ನಿಮ್ಮ ಹೆಜ್ಜೆಗಲ್ಲ.

ನಾಲ್ಕು, ದೆಹಲಿಗೆ ಹೋಗೋಕಾಗಲ್ಲ ಅನ್ನೋರಿಗೆ ಗುಜರಾತಿನಲ್ಲೇ ನಡಾಬೆಟ್ ಇದೆ. ಸೂಯಿಗಾಮ್ ಹತ್ತಿರ, ರಣ್ ಅಂಚಿನ ಗಡಿ. ಅಹಮದಾಬಾದಿನಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದಾರಿ. 2022ರ ಏಪ್ರಿಲ್‌ನಲ್ಲಿ ಅದನ್ನ ಹೊಸದಾಗಿ ಸಜ್ಜು ಮಾಡಿ ತೆರೆದರು. ಸಂಜೆ ಗಡಿ ಭದ್ರತಾ ಪಡೆಯವರ ಕವಾಯತು. ವಾಘಾ ಥರ ಎದುರುಗಡೆಯಿಂದ ಯಾರೂ ಬರಲ್ಲ, ನಮ್ಮವರದ್ದು ಮಾತ್ರ. ಗದ್ದಲ ಕಮ್ಮಿ, ಆಕಾಶ ದೊಡ್ಡದು.

ಆ ನವೆಂಬರ್ ಶನಿವಾರ ನಾವು ಬಹಳ ಮುಂಚೆಯೇ ಹೋಗಿ ಕೂತಿದ್ದೆವು. ಕಂದು ಬಣ್ಣದ ಎತ್ತರದ ಕುದುರೆಗಳು ಬಂದವು. ಸೇನೆಯಲ್ಲಿ ಪೂರ್ತಿ ಕೇಸರ ಬಿಡೋಕೆ ಅನುಮತಿ ಇರೋದು ಈ ದಳದ ಕುದುರೆಗಳಿಗೆ ಮಾತ್ರ. ಜನ ಎಲ್ಲ ಸವಾರರ ಪೇಟ, ಭರ್ಜಿ ನೋಡ್ತಾ ಇದ್ರು. ಅಪ್ಪ ತಲೆಯನ್ನ ಸ್ವಲ್ಪ ಓರೆ ಮಾಡಿ, ಉಳಿದಿರೋ ನೋಟದಲ್ಲಿ ಕಾಲುಗಳನ್ನೇ ನೋಡ್ತಾ ಇದ್ರು.

"ನಡಿಗೆ ಸಮ ಇದೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಮೈ ಹೇಗೆ ಹೊಳೀತಿದೆ ನೋಡು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಯಾರೋ ಮಾಲೀಸು ಮಾಡಿದ್ದಾರೆ. ಅವರು ಇಲ್ಲಿ ಕಾಣಲ್ಲ."

ನನಗೆ ಸ್ಕೂಲ್ ಗೇಟು ನೆನಪಾಯ್ತು. ಅಲ್ಲೇ, ಬ್ಯಾಂಡ್ ಸದ್ದಿನ ಮಧ್ಯೆ, "ಅಪ್ಪ, ನಾನು ಚಿಕ್ಕವನಿದ್ದಾಗ ಗೇಟಿಗಿಂತ ಹಿಂದೆ ಇಳೀತಿದ್ದೆನಲ್ಲ" ಅಂತ ಶುರು ಮಾಡಿದೆ. ಅವರು ಕುದುರೆ ಮೇಲಿಂದ ಕಣ್ಣು ತೆಗೀಲಿಲ್ಲ. "ಗೊತ್ತಿತ್ತು ಬಿಡೋ. ಅದಕ್ಕೇ ನಾನು ಗಾಡಿ ನಿಧಾನ ಮಾಡ್ತಿದ್ದೆ. ಈಗ ಇದನ್ನ ನೋಡು" ಅಂದ್ರು.

ನೋಡಿದೆ.

ಈಗ ಅಪ್ಪನ ನೋಟ ಇನ್ನೂ ಸ್ವಲ್ಪ ಕಿರಿದಾಗಿದೆ. ಹನಿ ಹಾಕ್ತಿದ್ದಾರೆ, ಮೈಸೂರಲ್ಲಿ ಸಂಜೆ ವಾಕಿಂಗ್ ಹೋಗ್ತಾರೆ. ಏಪ್ರಿಲ್‌ನಲ್ಲಿ ತಪ್ಪಿದ್ದಕ್ಕೆ ಇನ್ನೊಂದು ನವೆಂಬರ್ ಸಿಕ್ಕಿದ್ದು ನನ್ನ ಅದೃಷ್ಟ, ಪ್ಲಾನ್‌ನ ಬುದ್ಧಿವಂತಿಕೆ ಅಲ್ಲ. ನಿಮ್ಮ ಅಪ್ಪ ಅಮ್ಮನೂ ಯಾವತ್ತೋ ಫೋನಿನಲ್ಲಿ "ಒಂದ್ಸಲ ನೋಡ್ಬೇಕಪ್ಪ" ಅಂದಿರ್ತಾರೆ. ಅದು ಕುದುರೆಯೇ ಆಗಬೇಕಿಲ್ಲ. ಇವತ್ತು ರಾತ್ರಿ ಫೋನ್ ಮಾಡಿ, ಅದೇನು ಅಂತ ಇನ್ನೊಮ್ಮೆ ಕೇಳಿ, ತಾರೀಖು ಹಾಕಿ. ತಾರೀಖು ಹಾಕಿದ ಮೇಲೆ ವೆಬ್‌ಸೈಟಿನಲ್ಲಿ ಸಮಯ ನೋಡೋದು ಮಾತ್ರ ಮರೀಬೇಡಿ.